ಚಾಪೆ, ರಂಗೋಲಿ ಮತ್ತು 25ಐ-ಎನ್‌ಬೋಮ್: ನಿಷೇಧದ ಪಟ್ಟಿ ಬರೆಯೋರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ದೇಶದಲ್ಲೇ ಕೂತಿರಿ, ನಿಮ್ಮ ಟೇಬಲ್ ಮೇಲೆ ಒಂದು ಪಟ್ಟಿ ಇದ್ದೇ ಇರತ್ತೆ, ಯಾವ ಕೆಮಿಕಲ್ ಜೇಬಲ್ಲಿದ್ರೆ ಜೈಲು, ಯಾವುದಿದ್ರೆ ಏನೂ ಇಲ್ಲ ಅಂತ ಹೇಳೋ ಪಟ್ಟಿ. ನಾನು ಆ ಪಟ್ಟಿಯ ಇನ್ನೊಂದು ತುದೀಲಿ ಕೂತಿರೋನು. ಲ್ಯಾಬ್‌ನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್, ಅಂದ್ರೆ ಮಾಲಿಕ್ಯೂಲ್ ಒಡೆದು ಚೂರುಗಳ ತೂಕ ನೋಡೋ ಮಿಷಿನ್, ಓಡಿಸ್ತೀನಿ. ಸೀಲ್ ಹಾಕಿದ ಕವರ್ ಬರತ್ತೆ, ಒಳಗಿರೋದು ಏನು ಅಂತ ನಾನು ಹೇಳ್ಬೇಕು, ಅದು ಅಪರಾಧವೋ ಅಲ್ವೋ ಅಂತ ನಿಮ್ಮ ಪಟ್ಟಿ ಹೇಳತ್ತೆ, ಹೀಗೆ ನಮ್ಮಿಬ್ಬರ ಸಂಸಾರ ಬಹಳ ವರ್ಷದಿಂದ ನಡ್ಕೊಂಡು ಬಂದಿದೆ, ಮುಖ ನೋಡಿಲ್ಲ ಅಷ್ಟೇ.

ಇವತ್ತು ಬರೀತಿರೋದು 25ಐ-ಎನ್‌ಬೋಮ್ ಅನ್ನೋ, ಭ್ರಮೆ ಹುಟ್ಟಿಸೋ ಒಂದು ಡ್ರಗ್ ಬಗ್ಗೆ. ಬೀದಿ ಭಾಷೇಲಿ ಎನ್-ಬಾಂಬ್. ಗಾಂಜಾ, ಎಂಡಿಎಂಎ, ಕೊಕೇನ್ ಹೆಸರು ಗೊತ್ತಿರೋ ಜನಕ್ಕೂ ಇದರ ಹೆಸರು ಗೊತ್ತಿರಲ್ಲ, ಇದನ್ನ ತಗೊಂಡವರಲ್ಲೇ ಎಷ್ಟೋ ಜನಕ್ಕೆ ತಾವು ತಗೊಂಡಿದ್ದು ಇದು ಅಂತ ಗೊತ್ತಿರ್ಲಿಲ್ಲ. ಮೊದಲೇ ಹೇಳ್ಬಿಡ್ತೀನಿ, ಇದನ್ನ ಬಿಟ್ಬಿಡಿ ಅಂತ ಕೇಳೋಕೆ ಬಂದಿಲ್ಲ, ಇದು ನಿಜವಾಗ್ಲೂ ಅಪಾಯದ ಮಾಲು. ನನ್ನ ತಕರಾರು ಬೇರೆ. ಲ್ಯಾಬ್‌ಗೆ ಗೊತ್ತಾದ ದಿನಕ್ಕೂ ನಿಮ್ಮ ಪಟ್ಟೀಲಿ ಹೆಸರು ಬರೋ ದಿನಕ್ಕೂ ನಡುವೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಒಂದು ಗ್ಯಾಪ್ ಇರತ್ತಲ್ಲ, ಆ ಗ್ಯಾಪ್‌ನಲ್ಲಿ ಡಾಕ್ಟರಿಗೂ ಗೊತ್ತಿರಲ್ಲ, ಮನೆಯವರಿಗೂ ಗೊತ್ತಿರಲ್ಲ. ಪಟ್ಟಿ ಆಗೋವರೆಗೂ ಬಾಯಿ ಬಿಡಬಾರದು ಅನ್ನೋ ಈ ಪದ್ಧತಿ ಬಗ್ಗೆ ನನ್ನ ಜಗಳ.

ಮೊದಲು ವಸ್ತು ಹೇಗಿರತ್ತೆ ಅಂತ ನೋಡಿ. ಕಿರುಬೆರಳ ಉಗುರಿಗಿಂತ ಚಿಕ್ಕ ಒಂದು ಚೌಕ ಕಾಗದ, ಅದರ ಮೇಲೆ ಬಣ್ಣಬಣ್ಣದ ಚಿತ್ರದ ಒಂದು ತುಂಡು, ಅಂಚಲ್ಲಿ ಹರಿಯೋಕೆ ಸುಲಭ ಆಗ್ಲಿ ಅಂತ ತೂತು ಹೊಡೆದಿರ್ತಾರೆ, ಅಂಚೆ ಚೀಟಿ ತರಾನೇ. ಇಕ್ಕಳದಲ್ಲಿ ಹಿಡಿದು ಬೆಳಕಿಗೆ ಹಿಡಿದ್ರೆ ಏನೂ ಕಾಣಲ್ಲ. ಪುಡಿ ಇಲ್ಲ, ಕಲೆ ಇಲ್ಲ. ಎಲ್‌ಎಸ್‌ಡಿ ಅನ್ನೋ ಇನ್ನೊಂದು ಭ್ರಮೆಯ ಡ್ರಗ್‌ನ ಕಾಗದಾನೂ ಹೀಗೇ ಇರತ್ತೆ, ತೊಂದರೆ ಶುರುವಾಗೋದೇ ಅಲ್ಲಿ. ಮೆಥನಾಲ್‌ನಲ್ಲಿ ನೆನೆಸಿ ಮಿಷಿನ್‌ಗೆ ಹಾಕಿದ್ರೆ ಸ್ಕ್ರೀನ್ ಮೇಲೆ ಮೊದಲು 428 ಅಂತ ಒಂದು ಕಡ್ಡಿ, ಅದನ್ನ ಒಡೆದ್ರೆ 121 ಅಂತ ಒಂದು ದೊಡ್ಡ ಕಡ್ಡಿ, ಪಕ್ಕದಲ್ಲಿ 91. ಈ 121 ಇದೆಯಲ್ಲ, ಅದು ಈ ಕುಟುಂಬದ ಬೆರಳಚ್ಚು ಇದ್ದಂಗೆ, ನಮ್ಮ ಲ್ಯಾಬ್‌ನಲ್ಲಿ ಅದನ್ನ ನೋಡಿದ ತಕ್ಷಣ ಯಾರಾದ್ರೂ ಒಬ್ರು "ಬಂತು ನೋಡು" ಅಂತಾರೆ.

ಈಗ ವಂಶಾವಳಿ. ಎನ್‌ಬೋಮ್ ಫೆನೆಥೈಲಮೀನ್ ಅನ್ನೋ ಕುಟುಂಬದ್ದು, ಫೆನೆಥೈಲಮೀನ್ ಅಂದ್ರೆ ಒಂದು ಬೆಂಜೀನ್ ಉಂಗುರ, ಅದಕ್ಕೆ ಎರಡು ಕಾರ್ಬನ್ನಿನ ಬಾಲ, ಬಾಲದ ತುದೀಲಿ ಒಂದು ಅಮೀನ್, ಇಷ್ಟೇ. ಹೆಸರು ಕೇಳಿ ಗಾಬರಿ ಆಗ್ಬೇಡಿ, ನಿಮ್ಮ ತಲೇಲಿ ಓಡಾಡೋ ಡೋಪಮೀನ್ ಇದೇ ಅಸ್ಥಿಪಂಜರದ್ದು, ಹೆದರಿದಾಗ ಎದೆ ಬಡಿಸೋ ಅಡ್ರಿನಲಿನ್ನೂ ಇದೇ. ಉಬ್ಬಸದವರು ಎಳ್ಕೊಳೋ ಸಾಲ್ಬುಟಮಾಲ್ ಕೂಡ ಇದೇ ಬುಡದ್ದು. ಪೆಯೋಟಿ ಕಳ್ಳಿಯಲ್ಲಿರೋ, ಭ್ರಮೆ ಹುಟ್ಟಿಸೋ ಮೆಸ್ಕಲೀನ್‌ನ ಆರ್ಥರ್ ಹೆಫ್ಟರ್ 1897ರಲ್ಲಿ ಬೇರ್ಪಡಿಸಿದ್ರು, 1919ರಲ್ಲಿ ಅರ್ನ್ಸ್ಟ್ ಶ್ಪೇಟ್ ಅದನ್ನ ಲ್ಯಾಬ್‌ನಲ್ಲೇ ತಯಾರಿಸಿದ್ರು, ಅದೂ ಫೆನೆಥೈಲಮೀನೇ. ಮೆಸ್ಕಲೀನ್ ಕೆಲಸ ಮಾಡೋಕೆ ನೂರಾರು ಮಿಲಿಗ್ರಾಂ ಬೇಕು, ಇದನ್ನ ನೆನಪಿಟ್ಕೊಳಿ. ಆಮೇಲೆ ಅಲೆಕ್ಸಾಂಡರ್ ಶುಲ್ಗಿನ್ ಅನ್ನೋ ಅಮೆರಿಕದ ಕೆಮಿಸ್ಟು ಆ ಉಂಗುರದ ಒಂದೊಂದು ಮೂಲೆಗೂ ಬೇರೆ ಬೇರೆ ಪರಮಾಣು ಅಂಟಿಸ್ತಾ ಹೋಗಿ ಎರಡು ಕಾರ್ಬನ್ ಬಾಲದವಕ್ಕೆ 2ಸಿ ಅಂತ ಮನೆತನದ ಹೆಸರು ಕೊಟ್ರು. ಬ್ರೋಮಿನ್ ಹಾಕಿದ್ರೆ 2ಸಿ-ಬಿ, ಅಯೋಡಿನ್ ಹಾಕಿದ್ರೆ 2ಸಿ-ಐ. ಈ 2ಸಿ-ಐ ಮಿಲಿಗ್ರಾಂ ಲೆಕ್ಕದ್ದು.

2003ರಲ್ಲಿ ಬರ್ಲಿನ್ನಿನ ಫ್ರೀ ಯೂನಿವರ್ಸಿಟೀಲಿ ರಾಲ್ಫ್ ಹೈಮ್ ಅನ್ನೋ ಸಂಶೋಧಕರು ತಮ್ಮ ಪಿಎಚ್‌ಡಿ ಕೆಲಸದಲ್ಲಿ 2ಸಿ-ಐನ ಅಮೀನ್ ತುದಿಗೆ ಇನ್ನೊಂದು ಉಂಗುರ ತಗುಲಿಸಿದ್ರು, ಮೆಥಾಕ್ಸಿಬೆಂಜಿಲ್ ಅಂತಾರೆ ಅದಕ್ಕೆ, ನಮ್ಮ 121 ಕಡ್ಡಿ ಬರೋದು ಅದರಿಂದಾನೇ. ಅವರಿಗೆ ಬೇಕಾಗಿದ್ದು ನಶೆ ಅಲ್ಲ, ಮೆದುಳಲ್ಲಿ 5-ಎಚ್‌ಟಿ2ಎ ಅಂತ ಒಂದು ಸೆರೊಟೋನಿನ್ ರಿಸೆಪ್ಟರ್ ಇದೆ, ಅದಕ್ಕೆ ಸರಿಯಾಗಿ ಕೂರೋ ಕೀ ಬೇಕಿತ್ತು. ಸಿಕ್ತು, ಅದೂ ಎಂಥಾ ಕೀ ಅಂದ್ರೆ ಬೀಗಕ್ಕೆ ಒಂದು ಸಲ ಕೂತ್ರೆ ಬಿಡಲ್ಲ. ಅಳತೆ ಹೇಳ್ಬೇಕಂದ್ರೆ ಇದರ ಕೆಐ 0.044 ನ್ಯಾನೋಮೋಲಾರ್, ಈ ಸಂಖ್ಯೆ ಎಷ್ಟು ಚಿಕ್ಕದೋ ಹಿಡಿತ ಅಷ್ಟು ಗಟ್ಟಿ, ಅಪ್ಪ 2ಸಿ-ಐಗಿಂತ ಸುಮಾರು 16 ಪಟ್ಟು ಗಟ್ಟಿ. ಪರ್ಡ್ಯೂ ಯೂನಿವರ್ಸಿಟಿಯ ಡೇವಿಡ್ ನಿಕೋಲ್ಸ್ ತಂಡ 2006ರಲ್ಲಿ ರಿಸೆಪ್ಟರ್‌ನ ಯಾವ ಅಮೈನೋ ಆಮ್ಲ ಈ ಎರಡನೇ ಉಂಗುರವನ್ನ ಹಿಡ್ಕೊಳತ್ತೆ ಅಂತ ತೋರಿಸ್ತು. ಕೋಪನ್‌ಹೇಗನ್ನಿನವರು ಇದರ ಬ್ರೋಮಿನ್ ತಮ್ಮನಿಗೆ, ಅಂದ್ರೆ 25ಬಿ-ಎನ್‌ಬೋಮ್‌ಗೆ, ಕಾರ್ಬನ್-11 ಹಾಕಿ ಸಿಂಬಿ-36 ಅಂತ ಪೆಟ್ ಸ್ಕ್ಯಾನ್ ಟ್ರೇಸರ್ ಮಾಡಿದ್ರು. ಮನುಷ್ಯರ ಮೆದುಳಲ್ಲಿ ಆ ರಿಸೆಪ್ಟರ್ ಎಲ್ಲೆಲ್ಲಿದೆ ಅಂತ ಅದರಿಂದ ನೋಡಬಹುದು, ಕಾರ್ಬನ್-11 ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಆಗ್ತಾ ಹೋಗತ್ತೆ, ಅದಕ್ಕೇ ತಯಾರಿಸಿದ ಕಟ್ಟಡದಲ್ಲೇ ಓಡೋಡಿ ಹೋಗಿ ಬಳಸ್ಬೇಕು. ಒಂದೇ ಮಾಲಿಕ್ಯೂಲ್, ಒಂದು ಕಡೆ ಸ್ಕ್ಯಾನ್ ರೂಮಲ್ಲಿ ದೀಪ, ಇನ್ನೊಂದು ಕಡೆ ಕಾಗದದ ಚೂರಲ್ಲಿ ಬೆಂಕಿ.

ಬೆಂಕಿ ಅಂತ ಯಾಕಂದೆ ಅಂದ್ರೆ ಇದರ ಡೋಸ್ ಲೆಕ್ಕ ಮೈಕ್ರೋಗ್ರಾಂನಲ್ಲಿ. ಒಂದು ಮಿಲಿಗ್ರಾಂಗಿಂತ ಕಮ್ಮಿ, ಕಣ್ಣಿಗೆ ಕಾಣದಷ್ಟು. ಒಂದು ಗ್ರಾಂ ಪುಡಿ ಅಂದ್ರೆ ಸಾವಿರಕ್ಕೂ ಮೀರಿದ ಡೋಸು. ಇದನ್ನ ದ್ರಾವಣ ಮಾಡಿ ಕಾಗದಕ್ಕೆ ಚಿಮುಕಿಸೋನು ಫಾರ್ಮಾ ಕಂಪನಿಯೋನಲ್ಲ, ಕೈಲಿ ಡ್ರಾಪರ್ ಹಿಡ್ಕೊಂಡಿರೋ ಯಾವನೋ. ಕಾಗದ ಒಣಗುವಾಗ ದ್ರಾವಣ ಅಂಚಿಗೆ ಹರಿದು ಅಲ್ಲೇ ಗಟ್ಟಿಯಾಗತ್ತೆ, ಒಂದೇ ಹಾಳೆಯ ಎರಡು ಚೌಕದಲ್ಲಿ ಒಂದರಲ್ಲಿ ಇರೋದಕ್ಕೂ ಪಕ್ಕದ್ದರಲ್ಲಿ ಇರೋದಕ್ಕೂ ತಾಳಮೇಳ ಇರಲ್ಲ, ನಾನೇ ಅಳೆದು ನೋಡಿದ್ದೀನಿ. ನಿನ್ನೆ ಒಂದು ತಗೊಂಡೆ ಏನೂ ಆಗ್ಲಿಲ್ಲ ಅನ್ನೋ ಹುಡುಗನ ಧೈರ್ಯಕ್ಕೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಇನ್ನೊಂದು ವಿಷ್ಯ, ಎಲ್‌ಎಸ್‌ಡಿ ಕೂಡ ಇದೇ ರಿಸೆಪ್ಟರ್‌ಗೆ ಕೂರತ್ತೆ, ಆದ್ರೆ ಅದು ಅರ್ಧಂಬರ್ಧ ಒತ್ತೋ ಕೈ, ಇದು ಪೂರ್ತಿ ಒತ್ತತ್ತೆ. ಮತ್ತೆ ಆ ರಿಸೆಪ್ಟರ್ ಇರೋದು ಮೆದುಳಲ್ಲಿ ಮಾತ್ರ ಅಲ್ಲ, ರಕ್ತನಾಳದ ಗೋಡೇಲೂ ಇದೆ, ಅಲ್ಲಿ ಒತ್ತಿದ್ರೆ ನಾಳ ಬಿಗಿಯತ್ತೆ. ಬಿಪಿ ಏರತ್ತೆ, ಹೃದಯ ಓಡತ್ತೆ, ಮೈ ಕಾದ ಹೆಂಚಾಗತ್ತೆ, ಫಿಟ್ಸ್ ಬರತ್ತೆ, ಸ್ನಾಯು ಕರಗಿ ಅದರ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ಕಿಡ್ನಿಗೆ ಹೋಗಿ ಕಟ್ಕೊಳತ್ತೆ, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗತ್ತೆ. ಸತ್ತಿದ್ದಾರೆ ಜನ, ಹೆಚ್ಚಿನವರು ಚಿಕ್ಕ ವಯಸ್ಸಿನವರು, ಮತ್ತೆ ಅವರಲ್ಲಿ ಸುಮಾರು ಜನ ಕೊಂಡಿದ್ದು ಎಲ್‌ಎಸ್‌ಡಿ ಅಂತ ನಂಬ್ಕೊಂಡು. ಇದನ್ನ ನುಂಗಿದ್ರೆ ಲಿವರ್ ಮೊದಲ ಸುತ್ತಲ್ಲೇ ಬಹಳಷ್ಟನ್ನ ಒಡೆದು ಹಾಕತ್ತೆ, ಅದಕ್ಕೇ ಮಾರೋರು ಬಾಯಲ್ಲಿ ಇಟ್ಕೊಳೋ ಕಾಗದದ ರೂಪಕ್ಕೇ ಜೋತುಬಿದ್ರು, ಆ ರೂಪ ಎಲ್‌ಎಸ್‌ಡಿಯ ವೇಷಕ್ಕೂ ಹೇಳಿ ಮಾಡಿಸಿದಂಗಿತ್ತು. ಕಹಿ ಇರತ್ತೆ ಅಂತಾರೆ, ಕಹಿ ಇಲ್ಲ ಅಂದ ಮಾತ್ರಕ್ಕೆ ಸೇಫ್ ಅಂತ ಮಾತ್ರ ಯಾರೂ ಅಂದ್ಕೋಬೇಡಿ, ಇದು ನಿಮಗಲ್ಲ ಸರ್, ಓದ್ತಿರೋ ಹುಡುಗ್ರಿಗೆ.

ಒಂದು ಕೇಸ್ ಹೇಳ್ತೀನಿ, ಊರು ಹೆಸರು ಬೇಡ. ಒಬ್ಬ ಹುಡುಗನ್ನ ಎಮರ್ಜೆನ್ಸಿಗೆ ತಂದ್ರು, ನಾಲ್ಕು ಜನ ಹಿಡ್ಕೊಂಡ್ರೂ ನಿಲ್ತಿಲ್ಲ, ಜ್ವರ 41 ಡಿಗ್ರಿ ದಾಟಿದೆ. ಫ್ರೆಂಡು ಎಲ್‌ಎಸ್‌ಡಿ ತಗೊಂಡ ಅಂತ ಹೇಳ್ತಾನೆ. ಯೂರಿನ್ ಸ್ಟ್ರಿಪ್ ಹಾಕಿದ್ರು, ಎಲ್ಲಾ ಗೆರೇನೂ ನೆಗೆಟಿವ್. ಆ ಸ್ಟ್ರಿಪ್‌ಗೆ ಈ ಮಾಲು ಕಾಣೋದೇ ಇಲ್ಲ, ಆಂಫೆಟಮಿನ್ ಗೆರೆಗೂ ಸಿಗಲ್ಲ, ಎಲ್‌ಎಸ್‌ಡಿ ಗೆರೆಗೂ ಸಿಗಲ್ಲ. ಆದ್ರೆ ನೆಗೆಟಿವ್ ಅಂದ ಕೂಡ್ಲೇ ಅಲ್ಲಿದ್ದ ಒಬ್ರು "ಡ್ರಗ್ ಅಲ್ಲ, ತಲೆ ಕೆಟ್ಟಿದೆ" ಅಂತ ಬೇರೆ ವಾರ್ಡಿನ ದಾರಿ ನೋಡೋಕೆ ಶುರು ಮಾಡಿದ್ರಂತೆ, ಇನ್ನೊಬ್ಬ ಡ್ಯೂಟಿ ಡಾಕ್ಟರು ಸ್ಟ್ರಿಪ್ ನಂಬದೆ ಹುಡುಗನ್ನ ನಂಬಿ, ಶಾಂತ ಮಾಡೋ ಬೆಂಜೋಡಯಾಜಪಿನ್ ಔಷಧಿ ಕೊಟ್ಟು, ಐಸ್ ಪ್ಯಾಕ್ ಇಟ್ಟು, ಡ್ರಿಪ್ ಹಚ್ಚಿ ಕೂತ್ರು. ಇದಕ್ಕೆ ಪ್ರತಿವಿಷ ಅಂತ ಇಲ್ಲ, ಶಾಂತ ಮಾಡೋದು, ತಣ್ಣಗೆ ಮಾಡೋದು, ನೀರು ಕೊಡೋದು, ಕಾಯೋದು. ಹುಡುಗ ಉಳ್ಕೊಂಡ. ಅದೇ ಹಾಳೆಯ ಕಾಗದವನ್ನ ನಾವು ಅದಕ್ಕೆ ಮೂರು ವಾರ ಮುಂಚೇನೇ ಗುರುತಿಸಿ ರಿಪೋರ್ಟ್ ಬರೆದಿದ್ವಿ. ರಿಪೋರ್ಟ್ ಫೈಲಲ್ಲಿತ್ತು. ಆಸ್ಪತ್ರೆಗೆ ಹೇಳೋಕೆ ನಮಗೆ ಪರ್ಮಿಷನ್ ಇರ್ಲಿಲ್ಲ, ಯಾಕಂದ್ರೆ ವಸ್ತು ಇನ್ನೂ "ಪರಿಶೀಲನೆಯಲ್ಲಿ" ಇತ್ತು. ಈ ಪತ್ರ ಹುಟ್ಟಿದ್ದೇ ಆ ಫೈಲಿನಿಂದ.

ಪರಿಶೀಲನೆ ಎಷ್ಟು ನಿಧಾನ ಅಂತ ತಾರೀಕು ನೋಡಿ. 2003ರಲ್ಲಿ ಕಂಡುಹಿಡಿದಿದ್ದು 2010ರ ಸುಮಾರಿಗೆ ಮಾರಾಟಕ್ಕೆ ಬಂತು. ಅಮೆರಿಕ 2012ರ ಜುಲೈನಲ್ಲಿ ಒಂದು ಕಾನೂನು ತಂದು 2ಸಿ-ಐ ಸೇರಿ ಒಂಬತ್ತು 2ಸಿಗಳನ್ನ ಹೆಸರು ಹಿಡಿದು ನಿಷೇಧಿಸ್ತು, ಎನ್‌ಬೋಮ್ ಹೆಸರು ಅದ್ರಲ್ಲಿ ಇಲ್ಲ. ಅದರ ಅಣ್ಣತಮ್ಮಂದಿರಾದ 25ಐ, 25ಬಿ, 25ಸಿ ಮೂರನ್ನೂ ತಾತ್ಕಾಲಿಕ ಪಟ್ಟಿಗೆ ಹಾಕಿದ್ದು 2013ರ ನವೆಂಬರ್‌ನಲ್ಲಿ. ಬ್ರಿಟನ್ 2013ರ ಜೂನ್‌ನಲ್ಲಿ ತಾತ್ಕಾಲಿಕ ಆದೇಶ ಹೊರಡಿಸಿ 2014ರಲ್ಲಿ ಅತಿ ಕಠಿಣ ದರ್ಜೆಯಾದ ಕ್ಲಾಸ್ ಎಗೆ ಏರಿಸ್ತು, ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರ್‌ನಲ್ಲಿ 25ಐಯನ್ನ ನಿಯಂತ್ರಣಕ್ಕೆ ತಂತು, ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ 2015ರ ಮಾರ್ಚ್‌ನಲ್ಲಿ ಈ ಮೂರನ್ನೂ ಮನಸ್ಸಿನ ಮೇಲೆ ಕೆಲಸ ಮಾಡೋ ವಸ್ತುಗಳ ಬಗೆಗಿನ 1971ರ ಒಪ್ಪಂದದ, ಅತಿ ಬಿಗಿಯಾದ ಒಂದನೇ ಷೆಡ್ಯೂಲ್‌ಗೆ ಸೇರಿಸ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಅಷ್ಟು ಕೆಟ್ಟದಾಗಿ ಹೇಳೋಕೆ ಮನಸ್ಸಿಲ್ಲ, ಇದರಲ್ಲಿ ಪುರಾವೆ ನೋಡೋ ತಜ್ಞರ ಕಷ್ಟ ನಂಗೂ ಗೊತ್ತು. ಆದ್ರೂ.

ಬ್ರಿಟನ್ ಕಥೆ ಸ್ವಲ್ಪ ನಿಂತು ನೋಡೋ ಅಂಥದ್ದು. ಅವರು ಬುದ್ಧಿವಂತಿಕೆಯಿಂದ 1977ರಲ್ಲೇ ಒಂದೊಂದು ಹೆಸರು ಬರೆಯೋ ಬದಲು ಫೆನೆಥೈಲಮೀನ್ ಕುಟುಂಬಕ್ಕೇ ಒಂದು ಬಲೆ ಹೆಣೆದಿದ್ರು, ಉಂಗುರದ ಮೇಲೆ ಇಂಥಿಂಥದು ಅಂಟಿದ್ರೆ, ಅಮೀನ್ ತುದೀಲಿ ಆಲ್ಕೈಲ್ ಗುಂಪಿದ್ರೆ ಎಲ್ಲಾ ನಿಷೇಧ ಅಂತ. 2ಸಿಗಳೆಲ್ಲ ಆ ಬಲೇಲಿ ಬಿದ್ವು. ಎನ್‌ಬೋಮ್ ಬೀಳ್ಲಿಲ್ಲ, ಯಾಕಂದ್ರೆ ಅದರ ತುದೀಲಿರೋದು ಉಂಗುರ ಇರೋ ಬೆಂಜಿಲ್, ಬರೀ ಕಾರ್ಬನ್ ಸರಪಳಿಯ ಆಲ್ಕೈಲ್ ಅಲ್ಲ. ಕಾನೂನಿನ ಒಂದು ಪದದ ಸಂದೀಲಿ ಇಡೀ ಕುಟುಂಬ ದಾಟ್ಕೊಂಡು ಹೋಯ್ತು. ನೀವು ಚಾಪೆ ಕೆಳಗೆ ನುಸುಳಿದ್ರೆ ಅವರು ರಂಗೋಲಿ ಕೆಳಗೆ ನುಸುಳ್ತಾರೆ. ಆಮೇಲೆ ಬೆಂಜಿಲ್‌ಗೂ ಬಲೆ ಹೆಣೆದ್ರು, ಕೊನೆಗೆ 2016ರಲ್ಲಿ ಸಾಕಪ್ಪಾ ಸಾಕು ಅಂತ ಮೆದುಳಿನ ಮೇಲೆ ಪರಿಣಾಮ ಮಾಡೋದೆಲ್ಲ ಮಾರಬಾರದು, ಆಲ್ಕೋಹಾಲ್, ನಿಕೋಟಿನ್, ಕೆಫೀನ್, ಊಟ, ಔಷಧಿ ಬಿಟ್ಟು ಅಂತ ಕಾಯ್ದೆ ಮಾಡಿದ್ರು. ಮಾಡಿದ ವರ್ಷಾನೇ ಪಾಪರ್ಸ್ ಅನ್ನೋ ಮೂಸೋ ನಶೆಯ ದ್ರವ ಮೆದುಳಿನ ಮೇಲೆ ನೇರವಾಗಿ ಕೆಲಸ ಮಾಡತ್ತೋ ಇಲ್ವೋ ಅಂತ ಚರ್ಚೆ ಎದ್ದು, ಅವರ ಸಲಹಾ ಮಂಡಳೀನೇ ನೇರವಾಗಿ ಮಾಡಲ್ಲ ಅಂತ ಹೇಳ್ಬೇಕಾಯ್ತು.

ಹಂಗಂತ ಬಲೆಯನ್ನ ಇನ್ನೂ ಅಗಲ ಮಾಡಿ ಅಂತ ನಾನು ಹೇಳಲ್ಲ. ಫೆನೆಥೈಲಮೀನ್ ಅನ್ನೋ ಪದಾನೇ ಅಪರಾಧ ಅಂತ ಮಾಡಿದ್ರೆ ಉಬ್ಬಸದ ಪಂಪೂ ಅಪರಾಧ, ನಿಮ್ಮ ಅಡ್ರಿನಲ್ ಗ್ರಂಥೀನೂ ಅಪರಾಧ. ಅಗಲ ಬಲೇಲಿ ಸಿಕ್ಕಿಬೀಳೋದು ಕಳ್ಳ ಮಾರೋನಲ್ಲ, ಅವನಿಗೆ ಲೈಸೆನ್ಸ್ ಬೇಕಾಗಿಲ್ಲ, ಸಿಕ್ಕಿಬೀಳೋರು ಸಂಶೋಧಕರು. 1971ರ ಒಪ್ಪಂದದ ಏಳನೇ ವಿಧಿ ಒಂದನೇ ಷೆಡ್ಯೂಲಿನ ವಸ್ತುಗಳನ್ನೂ ವೈಜ್ಞಾನಿಕ ಕೆಲಸಕ್ಕೆ ಬಳಸೋಕೆ ಬಿಡತ್ತೆ, ಕಾಗದದ ಮೇಲೆ. 5-ಎಚ್‌ಟಿ2ಎ ರಿಸೆಪ್ಟರ್ ಕೆಲಸ ಮಾಡ್ತಿರೋ ಸ್ಥಿತೀಲಿ ಹೇಗೆ ಕಾಣತ್ತೆ ಅಂತ 2020ರಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಚಿತ್ರ ತೆಗೆದಾಗ ಅದರೊಳಗೆ ಕೂರಿಸಿದ್ದು ಇದೇ ಬೆಂಜಿಲ್ ಮನೆತನದ ಒಂದು ಮಾಲಿಕ್ಯೂಲನ್ನ, ಅದು ಗೊತ್ತಿರ್ಲಿ.

ತೂಕದ ವಿಷ್ಯಕ್ಕೆ ಬರ್ತೀನಿ, ಇದು ನನಗೆ ಬಹಳ ಕಿರಿಕಿರಿ ಮಾಡೋದು. ಗ್ರಾಂ ಲೆಕ್ಕದಲ್ಲಿ ಶಿಕ್ಷೆ ಬರೆಯೋ ಕಡೆ ಕಾಗದದ ತೂಕ ಸೇರಿಸ್ಬೇಕಾ ಬೇಡ್ವಾ? ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ ಚಾಪ್‌ಮನ್ ಕೇಸಲ್ಲಿ ಎಲ್‌ಎಸ್‌ಡಿ ಕಾಗದದ ತೂಕಾನೂ ಸೇರ್ಬೇಕು ಅಂದ್ಬಿಡ್ತು. ಅಲ್ಲಿ ಶುದ್ಧ ಎಲ್‌ಎಸ್‌ಡಿ ಇದ್ದದ್ದು ಸುಮಾರು 50 ಮಿಲಿಗ್ರಾಂ, ಕಾಗದ ಸೇರಿ 5.7 ಗ್ರಾಂ, 1 ಗ್ರಾಂ ದಾಟಿದ್ರೆ ಕಡ್ಡಾಯವಾಗಿ ಐದು ವರ್ಷ. ಅಂದ್ರೆ ಶಿಕ್ಷೆ ಬಿದ್ದಿದ್ದು ಹೆಚ್ಚುಕಮ್ಮಿ ಕಾಗದಕ್ಕೆ. ಎನ್‌ಬೋಮ್‌ಗೂ ಇದೇ ತರ್ಕ ಹಾಕಿದ್ರೆ ಪುಡಿ ರೂಪದಲ್ಲಿ ಸಾವಿರ ಜನರನ್ನ ಕೆಡವೋ ಮಾಲು ಇಟ್ಕೊಂಡೋನು ಒಂದು ಗ್ರಾಂನವನು, ದಪ್ಪ ಕಾಗದದ ನಾಲ್ಕು ಹಾಳೆ ಇಟ್ಕೊಂಡೋನು ದೊಡ್ಡ ಕುಳ. ದಯವಿಟ್ಟು ಡೋಸ್ ಲೆಕ್ಕದಲ್ಲಿ ಯೋಚ್ನೆ ಮಾಡಿ, ನಾನು ಪ್ರತಿ ಚೌಕದಲ್ಲಿ ಎಷ್ಟಿದೆ ಅಂತ ಅಳೆದು ಕೊಡ್ತೀನಿ, ಕೇಳೋರೇ ಇಲ್ಲ.

ನಮ್ಮ ಕಡೆ ತಪ್ಪೂ ಇದೆ, ಮುಚ್ಚಿಡಲ್ಲ. ಎನ್‌ಬೋಮ್ ಪಟ್ಟಿಗೆ ಬಂದ ಮೇಲೆ ಎನ್‌ಬಿಒಎಚ್ ಅಂತ ದಾಯಾದಿ ಬಂತು, ಮೆಥಾಕ್ಸಿ ಬದಲು ಬರೀ ಹೈಡ್ರಾಕ್ಸಿ. ಇದನ್ನ ಮಾಮೂಲಿ ಜಿಸಿ, ಅಂದ್ರೆ ಸ್ಯಾಂಪಲ್‌ನ ಬಿಸಿ ಮಾಡಿ ಆವಿಯಾಗಿಸಿ ಬೇರ್ಪಡಿಸೋ ಮಿಷಿನ್‌ಗೆ ಹಾಕಿದ್ರೆ ಬಿಸಿಗೆ ಒಳಗೇ ಒಡೆದು 2ಸಿ-ಐ ಆಗಿ ಹೊರಗೆ ಬರತ್ತೆ. ಕಣ್ಣು ಮುಚ್ಚಿ ರಿಪೋರ್ಟ್ ಬರೆದ್ರೆ 2ಸಿ-ಐ ಅಂತಾನೇ ಬರೀಬೇಕು, ನಾವೂ ಒಂದೆರಡು ಸಲ ಬರೆದೇ ಇರ್ತೀವಿ ಅಂತ ನನ್ನ ಗುಮಾನಿ. ಇನ್ನು ಮೆಥಾಕ್ಸಿ ಎರಡನೇ ಜಾಗದಲ್ಲಿದ್ಯಾ, ಮೂರನೇದಾ, ನಾಲ್ಕನೇದಾ ಅನ್ನೋದು, ಮೂರೂ ಒಡೆದ್ರೆ ಅದೇ 121. ಕೋರ್ಟಲ್ಲಿ ಒಳ್ಳೆ ವಕೀಲ್ರು ಈ ಪ್ರಶ್ನೆ ಕೇಳಿದ್ರೆ ನನಗೆ ಬೆವರು ಬರತ್ತೆ, ಬರ್ಬೇಕು ಕೂಡ. ಇದನ್ನ ಖಚಿತ ಮಾಡೋಕೆ ಹೋಲಿಸಿ ನೋಡೋ ಶುದ್ಧ ಸ್ಯಾಂಪಲ್ ಬೇಕು, ನೀವು ನಿಷೇಧಿಸಿದ ದಿನದಿಂದ ಅದನ್ನ ತರಿಸೋಕೆ ನನಗೂ ಪರ್ಮಿಟ್ ಬೇಕು, ಪರ್ಮಿಟ್ ಬರೋ ಹೊತ್ತಿಗೆ ಮಾರ್ಕೆಟ್‌ನಲ್ಲಿ ಆ ಮಾಲು ಹೋಗಿ ಬೇರೆ ಬಂದಿರತ್ತೆ. ಕಳ್ಳನ್ನ ಗುರುತಿಸೋಕೆ ಫೋಟೋ ಕೇಳಿದ್ರೆ ಫೋಟೋ ಇಟ್ಕೊಳೋದೂ ಕಾನೂನುಬಾಹಿರ ಅಂದಂಗೆ.

ಹಾಗಾಗಿ ನಾನು ಕೇಳೋದು ಇಷ್ಟು. ಪಟ್ಟಿ ನಿಧಾನಕ್ಕೆ ಬರ್ಲಿ, ಪುರಾವೆ ನೋಡಿ ಬರ್ಲಿ, ಆದ್ರೆ ಎಚ್ಚರಿಕೆ ಪಟ್ಟಿಗೆ ಕಾಯೋದು ಬೇಡ. ಲ್ಯಾಬ್‌ಗೆ ಹೊಸದೊಂದು ಸಿಕ್ಕಿದ ದಿನಾನೇ ಎಮರ್ಜೆನ್ಸಿ ವಾರ್ಡುಗಳಿಗೆ ಒಂದು ಪುಟ ಹೋಗ್ಲಿ: ಇಂಥಾ ಚಿತ್ರದ ಕಾಗದ, ಎಲ್‌ಎಸ್‌ಡಿ ಅಂತ ಮಾರ್ತಿದ್ದಾರೆ, ಎಲ್‌ಎಸ್‌ಡಿ ಅಲ್ಲ, ಸ್ಟ್ರಿಪ್‌ನಲ್ಲಿ ಕಾಣಲ್ಲ, ಜ್ವರ ನೋಡಿ, ಫಿಟ್ಸ್ ನೋಡಿ, ಕಿಡ್ನಿ ನೋಡಿ. ಇದು ಹೊಸ ಐಡಿಯಾ ಏನಲ್ಲ, ಯುರೋಪಿನಲ್ಲಿ 1997ರಿಂದ ಮುನ್ನೆಚ್ಚರಿಕೆ ಜಾಲ ಇದೆ, ನೆದರ್ಲೆಂಡ್ಸ್‌ನಲ್ಲಿ 1992ರಿಂದ ಜನ ತಾವೇ ತಂದು ಕೊಟ್ಟ ಮಾಲನ್ನ ಪರೀಕ್ಷೆ ಮಾಡಿ ಫಲಿತಾಂಶ ಹೇಳೋ ವ್ಯವಸ್ಥೆ ನಡೀತಿದೆ, ಭಾರಿ ಅಪಾಯದ್ದು ಸಿಕ್ಕಿದ್ರೆ ದೇಶಕ್ಕೆಲ್ಲ ಹೇಳ್ತಾರೆ. ಅದರಿಂದ ಕಾನೂನು ಮೆತ್ತಗಾಯ್ತು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಎರ್ಲಿಚ್ ಅಂತ ಒಂದು ದ್ರಾವಣ ಇದೆ, ಎಲ್‌ಎಸ್‌ಡಿಗೆ ನೇರಳೆ ಬಣ್ಣ ಕೊಡತ್ತೆ, ಎನ್‌ಬೋಮ್‌ಗೆ ಕೊಡಲ್ಲ. ಎರಡು ಹನಿ ದ್ರಾವಣ ಇಟ್ಕೊಂಡಿದ್ದಕ್ಕೂ ಡ್ರಗ್ ಸಾಮಗ್ರಿ ಅಂತ ಕೇಸ್ ಹಾಕೋ ಕಾನೂನುಗಳಿವೆ, ಅಂಥಾ ಕಡೆ ಯಾರ ಜೀವ ಉಳಿಸ್ತಿದ್ದೀವಿ ಅಂತ ಒಂದು ಸಲ ಯೋಚ್ನೆ ಮಾಡಿ. ಬಣ್ಣ ಬಂತು ಅಂದ್ರೆ ಸೇಫ್ ಅಂತಲ್ಲ, ಬರ್ಲಿಲ್ಲ ಅಂದ್ರೆ ಕಸದ ಬುಟ್ಟಿಗೆ ಅಂತ ಅಷ್ಟೇ ಅದರ ಉಪಯೋಗ, ಆದ್ರೆ ಆ ಅಷ್ಟೇ ಸಾಕಾಗಿತ್ತು ಕೆಲವರಿಗೆ.

ಲ್ಯಾಬ್‌ಗಳಿಗೆ ಸ್ಯಾಂಪಲ್ ತರಿಸೋ ಪರ್ಮಿಟ್‌ನ ಒಂದೇ ಸಲ, ಇಡೀ ಕುಟುಂಬಕ್ಕೆ ಸೇರಿಸಿ ಕೊಡಿ. ಬಲೆ ಹೆಣೆಯುವಾಗ ಒಬ್ಬ ಕೆಮಿಸ್ಟನ್ನ ಪಕ್ಕದಲ್ಲಿ ಕೂರಿಸ್ಕೊಳಿ, ವಕೀಲ್ರಿಗೆ ಆಲ್ಕೈಲ್‌ಗೂ ಬೆಂಜಿಲ್‌ಗೂ ವ್ಯತ್ಯಾಸ ಗೊತ್ತಿರ್ಬೇಕು ಅಂತ ನಾನೇನು ಹೇಳಲ್ಲ, ನಂಗೆ ಕಲಂಗೂ ಉಪಕಲಂಗೂ ವ್ಯತ್ಯಾಸ ಗೊತ್ತಿಲ್ಲ.

ಇದನ್ನ ಬರೆಯೋಕೆ ಕೂತಿದ್ದು ಬೆಳಿಗ್ಗೆ, ನಡುವೆ ಒಂದು ಕವರ್ ಬಂತು, ಎದ್ದು ಹೋಗಿ ಮಿಷಿನ್‌ಗೆ ಹಾಕಿ ಬಂದೆ. ಅದೇ ಅಳತೆಯ ಚೌಕ, ಅದೇ ತೂತಿನ ಅಂಚು. 121 ಬರ್ಬೇಕಾದ ಕಡೆ 109 ಬಂದಿದೆ, ಅಂದ್ರೆ ಮೆಥಾಕ್ಸಿ ತೆಗೆದು ಯಾರೋ ಫ್ಲೋರಿನ್ ಹಾಕಿದ್ದಾರೆ. ನನ್ನ ಮೇಜಿನ ಮೇಲಿರೋ ನಿಮ್ಮ ಪಟ್ಟೀಲಿ ಎರಡು ಸಲ ಹುಡುಕಿದೆ, ಇಲ್ಲ. ರಿಪೋರ್ಟಿನ ಕೊನೇ ಕಾಲಂ ಖಾಲಿ ಇದೆ, ಇವತ್ತು ಸಂಜೆಯೊಳಗೆ ಆಸ್ಪತ್ರೆಗಳಿಗೆ ಇದನ್ನ ಹೇಳ್ಬಹುದಾ ಅಂತ ಒಂದು ಸಾಲು ಉತ್ತರ ಕೊಡಿ.

ಇಂತಿ,
ಮಿಷಿನ್ ಮುಂದೆ ಕೂತಿರೋ ಒಬ್ಬ